ಮಕ್ಕಳಿರುವ ಮನೆಗೆ ಯಾವ ನಾಯಿ ಸರಿ? ಡಾಕ್ಟರ್ ಮೇಡಂಗೆ ಕೇಳಿ

ಮೈಸೂರಿನ ಸದಸ್ಯೆ: ಮೇಡಂ, ಐದು ವರ್ಷದ ಮಗ ಇದ್ದಾನೆ. ಚಿಕ್ಕ ಫ್ಲಾಟ್. ಲ್ಯಾಬ್ರಡಾರ್ ತರಬಹುದಾ?

ಡಾಕ್ಟರ್: ತರಬಹುದು. ಆದರೆ ಮೊದಲ ಎರಡು ವರ್ಷ ಅದು ಸುಮ್ನೆ ಕೂರುವುದಿಲ್ಲ. ಬೆಳೆದರೆ 30 ಕಿಲೋ ದಾಟಬಹುದು. ಖುಷಿಗೆ ಹಾರಿದರೂ ಮಗು ಬೀಳುತ್ತದೆ. ದಿನಾ ಬೆಳಗ್ಗೆ, ಸಂಜೆ ಓಡಾಡಿಸುವವರು ಯಾರು ಅಂತ ಮೊದಲು ತೀರ್ಮಾನಿಸಿ. ಎಂಟು ವಾರ ತುಂಬದ ಮರಿ ಬೇಡ.

ಹುಬ್ಬಳ್ಳಿಯ ಸದಸ್ಯ: ಹಸ್ಕಿ ಹೇಗ್ರೀ ಮೇಡಂ? ಮಗಳು ಹಠ ಹಿಡಿದಿದ್ದಾಳೆ.

ಡಾಕ್ಟರ್: ಬೇಡ. ಸೈಬೀರಿಯಾದ ಚಳಿಯ ನಾಯಿ, ಎರಡು ಪದರ ಕೂದಲು. ನಿಮ್ಮೂರ ಏಪ್ರಿಲ್ ಬಿಸಿಲಿಗೆ ನರಳುತ್ತದೆ.

ತುಮಕೂರಿನ ಸದಸ್ಯ: ಪಗ್?

ಡಾಕ್ಟರ್: ಮಕ್ಕಳಿಗೆ ಹೊಂದುತ್ತದೆ. ಆದರೆ ಚಪ್ಪಟೆ ಮೂಗು, ಸೆಕೆಯಲ್ಲಿ ಉಸಿರಿಗೇ ಒದ್ದಾಡುತ್ತದೆ. ನಾನು ಹೇಳುವುದಿಲ್ಲ.

ದಾವಣಗೆರೆಯ ಸದಸ್ಯೆ: ನಮ್ಮ ಲ್ಯಾಬ್‌ಗೆ ನಾಲ್ಕು ವರ್ಷ, ಮಗಳಿಗೆ ಒಂದೂವರೆ. ಒಂದು ತಿಂಗಳಿಂದ ಅವಳು ಹತ್ತಿರ ಹೋದರೆ ಗುರ್ ಅಂತಿದ್ದ. ತಟ್ಟೆ ಹತ್ತಿರ ಹೋದರೆ ಜಾಸ್ತಿ. ನಮ್ಮನೆಯವರು ಎರಡು ಬಾರಿಸಿದ ಮೇಲೆ ನಿಂತಿದೆ. ಅತ್ತೆ ಇವನನ್ನು ಯಾರಿಗಾದರೂ ಕೊಟ್ಟು ಬೀಗಲ್ ತನ್ನಿ, ಅದು ಸಾಧು ಅಂತಾರೆ.

ಡಾಕ್ಟರ್: ಅಮ್ಮಾ, ದಯವಿಟ್ಟು ಪೂರ್ತಿ ಓದಿ. ಗುರ್ ನಿಂತಿದ್ದು ಒಳ್ಳೆಯ ಸುದ್ದಿ ಅಲ್ಲ. ಅದು ‘ದೂರ ಇರು’ ಅನ್ನುವ ಎಚ್ಚರಿಕೆ. ಹೊಡೆದರೆ ಎಚ್ಚರಿಕೆ ನಿಲ್ಲುತ್ತದೆ, ಒಳಗಿನ ಭಯ ಹಾಗೇ ಇರುತ್ತದೆ. ಮುಂದಿನ ಸಲ ಸದ್ದಿಲ್ಲದೆ ಕಚ್ಚಬಹುದು. ನಿಮ್ಮ ಮಗಳ ಮುಖ ಅವನ ಬಾಯಿಯ ಎತ್ತರದಲ್ಲೇ ಇದೆ. ಇವತ್ತಿನಿಂದಲೇ ಇಬ್ಬರ ನಡುವೆ ಬಾಗಿಲೋ ಗೇಟೋ ಇರಲಿ. ಊಟ ಬೇರೆ ಕೋಣೆಯಲ್ಲಿ ಹಾಕಿ, ಬಾಗಿಲು ಮುಚ್ಚಿ. ಮಲಗಿದ್ದಾಗ ಮಗು ಮುಟ್ಟಬಾರದು. ದೊಡ್ಡವರು ಪಕ್ಕದಲ್ಲೇ ಕೂತಿರಬೇಕು, ಅಡುಗೆಮನೆಯಿಂದ ಕಣ್ಣಿಟ್ಟರೆ ಸಾಲದು.

ಇನ್ನೊಂದು. ನಾಲ್ಕು ವರ್ಷ ಚೆನ್ನಾಗಿದ್ದವನು ಒಂದೇ ತಿಂಗಳಲ್ಲಿ ಬದಲಾದ ಅಂದರೆ ನನಗೆ ನೋವಿನ ಅನುಮಾನ. ಲ್ಯಾಬ್‌ಗಳಲ್ಲಿ ಸೊಂಟದ ಕೀಲಿನ ತೊಂದರೆ, ಕಿವಿ ಸೋಂಕು ಸಾಮಾನ್ಯ. ಉಣ್ಣಿ ಹುಳ ಕಚ್ಚಿ ಬರುವ ಜ್ವರದಲ್ಲೂ ಮೈಕೈ ನೋಯುತ್ತದೆ. ಏಳುವಾಗ ಕಷ್ಟಪಡುತ್ತಾನಾ? ತಲೆ ಕೊಡವುತ್ತಾನಾ? ಕಿವಿ ವಾಸನೆ ಬರುತ್ತದಾ? ನೋಡಿ ಹೇಳಿ. ಈ ವಾರವೇ ತೋರಿಸಿ. ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಕೊಡಬೇಡಿ, ನಾಯಿಗೆ ಅಪಾಯ. ಬೀಗಲ್ ತಂದರೂ ಮಗು ಅದರ ತಟ್ಟೆಗೂ ಕೈ ಹಾಕುತ್ತದೆ, ಅಲ್ವಾ?

ಶಿವಮೊಗ್ಗದ ಸದಸ್ಯ: ಗ್ರೂಪಿನಲ್ಲಿ ಬಂದಿದ್ದು: “ಊಟದ ಮಧ್ಯೆ ತಟ್ಟೆ ಕಿತ್ತುಕೊಂಡು ನೀವೇ ಯಜಮಾನ ಅಂತ ತೋರಿಸಿ. ಕಚ್ಚಿದರೆ ಸುಣ್ಣ, ಅರಿಶಿನ ಹಚ್ಚಿ.”

ಡಾಕ್ಟರ್: ಅಳಿಸಿ ಇದನ್ನು. ಕಿತ್ತುಕೊಂಡಷ್ಟೂ ನಾಯಿ ತಟ್ಟೆ ಬಿಟ್ಟುಕೊಡುವುದಿಲ್ಲ. ಗಾಯಕ್ಕೆ ಸುಣ್ಣ, ಅರಿಶಿನ, ಖಾರದ ಪುಡಿ ಏನೂ ಬೇಡ. ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ತಕ್ಷಣ ಆಸ್ಪತ್ರೆಗೆ ಹೋಗಿ. ರೇಬೀಸ್ ಲಕ್ಷಣ ಶುರುವಾದ ಮೇಲೆ ಗುಣಪಡಿಸುವ ಔಷಧಿ ಇಲ್ಲ.

ಶಿವಮೊಗ್ಗದ ಸದಸ್ಯ: ನಮ್ಮಜ್ಜ ಅದನ್ನೇ ಹಚ್ಚುತ್ತಿದ್ದರು. ಯಾರಿಗೂ ಏನೂ ಆಗಿಲ್ಲ.

ಡಾಕ್ಟರ್: ಆ ನಾಯಿಗಳಿಗೆ ರೇಬೀಸ್ ಇದ್ದಿರಲಿಕ್ಕಿಲ್ಲ. ಇಲ್ಲಿ ಮತ್ತೆ ಹಾಕಬೇಡಿ.

ಬಾಗಲಕೋಟೆಯ ಸದಸ್ಯ: ಎಲ್ಲರೂ ಹೊರದೇಶದ್ದೇ ಕೇಳುತ್ತೀರಿ. ನಮ್ಮ ಮುಧೋಳ ನಾಯಿ 2005ರಲ್ಲೇ ಅಂಚೆಚೀಟಿ ಮೇಲೆ ಬಂತು. 2016ರಲ್ಲಿ ಸೈನ್ಯದವರು ಮೀರತ್‌ನಲ್ಲಿ ತರಬೇತಿ ಕೊಟ್ಟರು.

ಬೆಂಗಳೂರಿನ ಸದಸ್ಯೆ: ಸೈನ್ಯಕ್ಕೆ ಸರಿಯಾದದ್ದು ಮೂರನೇ ಮಹಡಿಗೆ ಸರಿಹೋಗುತ್ತದಾ? ಅದು ಬೇಟೆ ನಾಯಿ. ಬೀದಿಯಲ್ಲಿ ಎಷ್ಟೊಂದು ಮರಿಗಳಿವೆ, ಸಾಕಿ.

ಬಾಗಲಕೋಟೆಯ ಸದಸ್ಯ: ನಮ್ಮ ಮಕ್ಕಳು ಅದರ ಜೊತೆಗೇ ಬೆಳೆದವರು. ನೋಡದೆ ಮಾತಾಡಬೇಡಿ.

ಬೆಂಗಳೂರಿನ ಸದಸ್ಯೆ: ನಾನೂ ಸಾಕಿದ್ದೇನೆ ಸ್ವಾಮಿ. ನಿಮಗೊಬ್ಬರಿಗೇ ಗೊತ್ತಿರುವುದಲ್ಲ.

ಕೋಲಾರದ ಸದಸ್ಯೆ: ಮೇಡಂ, ಮಗನಿಗೆ ಉಬ್ಬಸ ಇದೆ. ಕೂದಲು ಉದುರದ ಜಾತಿ ಇದೆಯಾ?

ಡಾಕ್ಟರ್: ಬಾಗಲಕೋಟೆ, ಬೆಂಗಳೂರು, ಇಬ್ಬರೂ ನಿಲ್ಲಿಸಿ. ಹೊಲ, ಬಯಲು ಇರುವವರಿಗೆ ಮುಧೋಳ ಒಳ್ಳೆಯದು. ಓಡುವುದನ್ನು ಕಂಡರೆ ಅಟ್ಟುತ್ತದೆ, ಅದು ತಿಳಿದಿರಲಿ. ಬೀದಿ ಮರಿ ನಮ್ಮ ಹವೆಗೆ ಒಗ್ಗುತ್ತದೆ. ಲಸಿಕೆ, ಜಂತುಹುಳದ ಔಷಧಿ ತಪ್ಪಿಸಬೇಡಿ.

ಮಂಗಳೂರಿನ ಸದಸ್ಯ: ಫ್ಲಾಟಿಗೆ ಲ್ಯಾಬ್ ಆಗುತ್ತದಾ?

ಡಾಕ್ಟರ್: ಮೇಲೆ ಬರೆದಿದ್ದೇನೆ.

ಮಂಗಳೂರಿನ ಸದಸ್ಯ: ಒಂದು ಸಾಲು ಹೇಳಿದರೆ ಏನು ಹೋಗುತ್ತದೆ?

ಕೋಲಾರದ ಸದಸ್ಯೆ: ಮೇಡಂ, ನನ್ನದು?

ದಾವಣಗೆರೆಯ ಸದಸ್ಯೆ: ಮೇಡಂ, ಎಡಗಿವಿ ವಾಸನೆ ಬರುತ್ತಿದೆ. ಮುಟ್ಟಲು ಬಿಡುತ್ತಿಲ್ಲ. ಬೆಳ್ಳುಳ್ಳಿ ಎಣ್ಣೆ ಬಿಡಿ ಅಂತ ಒಬ್ಬರು ಕಳಿಸಿದ್ದಾರೆ.

ಡಾಕ್ಟರ್: ಬಿಡಬೇಡಿ! ಒಳಗೆ ಕಿವಿತಮಟೆ ಹರಿದಿದ್ದರೆ ಇನ್ನಷ್ಟು ಹಾಳಾಗುತ್ತದೆ. ನಾಳೆ ಬೆಳಗ್ಗೆಯೇ ಕರೆದುಕೊಂಡು ಹೋಗಿ. ಮಗಳು ಅತ್ತೆಯ ಹತ್ತಿರ ಇರಲಿ. ಅಲ್ಲಿ ಏನು ಹೇಳಿದರು ಅಂತ ನನಗೆ ಬರೆಯಿರಿ.