ಶೆಲ್ಲಾಕ್ ಹಿಡಿದ ಬ್ರಷ್, ಕಟ್ಟಿಕೊಂಡ ಸ್ಪ್ರೇ ಗನ್: ಪಾಲಿಶ್‌ನವರನ್ನು ಕೇಳಿ

ಪ್ರಶ್ನೆ: ನಮಸ್ಕಾರ ಸರ್. ಮನೆಯ ಹಳೇ ಬೀಟೆ ಕುರ್ಚಿಗಳಿಗೆ ನಾನೇ ಸ್ಪಿರಿಟ್ ಪಾಲಿಶ್ ಮಾಡ್ತಾ ಇದ್ದೇನೆ. ಶೆಲ್ಲಾಕ್ ಚಕ್ಕೆ ತಂದು ಸ್ಪಿರಿಟ್‌ನಲ್ಲಿ ಕರಗಿಸಿದ್ದು. ಕೆಲಸ ಮುಗಿದ ಮೇಲೆ ಬ್ರಷ್ಷನ್ನು ಮನೆಯಲ್ಲಿದ್ದ ಎನ್‌ಸಿ ಥಿನ್ನರ್‌ನಲ್ಲಿ (ನೈಟ್ರೋಸೆಲ್ಯುಲೋಸ್ ಲ್ಯಾಕರ್‌ಗೆ ಬೆರೆಸುವ ದ್ರಾವಣ) ತೊಳೆದೆ. ಬೆಳಿಗ್ಗೆ ನೋಡಿದರೆ ಕೂದಲೆಲ್ಲ ಸೆಟೆದು ನಿಂತಿದೆ. ಬಾಗಿಲಿಗೆ ಹೊಡೆಯೋಣ ಅಂತ ಸ್ನೇಹಿತರ ಸ್ಪ್ರೇ ಗನ್ ತಂದಿದ್ದೆ, ಅದೂ ಈಗ ಎಡಗಡೆಗೇ ಜಾಸ್ತಿ ಹೊಡೀತಾ ಇದೆ. ಎರಡೂ ಹಾಳಾದ ಹಾಗೇನಾ?

ಉತ್ತರ: ಎರಡೂ ಹಾಳಾಗಿಲ್ಲ, ಬಿಸಾಡಬೇಡಿ. ಶೆಲ್ಲಾಕ್ ಅಂದ್ರೆ ಅರಗು. ಅದು ಒಣಗಿ ಎಷ್ಟು ದಿನ ಆಗಿದ್ದರೂ ಸ್ಪಿರಿಟ್ ತಾಗಿದರೆ ಮತ್ತೆ ಕರಗುತ್ತದೆ. ಪಿಯು (ಪಾಲಿಯುರೆಥೇನ್) ಪಾಲಿಶ್ ಹಾಗಲ್ಲ, ಒಮ್ಮೆ ಗಟ್ಟಿಯಾದರೆ ಮುಗೀತು. ಎನ್‌ಸಿ ಥಿನ್ನರ್ ಅರಗನ್ನು ಸರಿಯಾಗಿ ಕರಗಿಸುವುದಿಲ್ಲ, ಕೆಲವು ಸಲ ಮೊಸರಿನ ಹಾಗೆ ಒಡೆದು ಕೂದಲ ಬುಡದಲ್ಲಿ ಗಂಟು ಕಟ್ಟಿಸಿಬಿಡುತ್ತದೆ. ನಿಮ್ಮ ಬ್ರಷ್‌ಗೆ ಆಗಿರೋದೂ ಅದೇ.

ಗಾಜಿನ ಬಾಟಲಿಯಲ್ಲಿ ಕೂದಲು ಪೂರ್ತಿ ಮುಳುಗುವಷ್ಟು ಸ್ಪಿರಿಟ್ ಹಾಕಿ. ಹಿಡಿಯ ತೂತಿಗೆ ತಂತಿ ಪೋಣಿಸಿ ಬ್ರಷ್ಷನ್ನು ತೂಗುಬಿಡಿ. ತಳಕ್ಕೆ ಊರಿ ನಿಲ್ಲಿಸಿದರೆ ತುದಿ ಸೊಟ್ಟಗಾಗುತ್ತದೆ. ಒಂದೆರಡು ಗಂಟೆ ಬಿಟ್ಟು, ಗ್ಲೌಸ್ ಹಾಕಿಕೊಂಡು ಬುಡದಿಂದ ತುದಿಗೆ ಹಿಂಡಿ. ಕಂದು ನೀರು ಇಳಿಯುತ್ತದೆ. ಆಮೇಲೆ ಹೊಸ ಸ್ಪಿರಿಟ್‌ನಲ್ಲಿ ಇನ್ನೊಮ್ಮೆ. ಆ ಮೊದಲ ಕೊಳೆ ಸ್ಪಿರಿಟ್ ಚೆಲ್ಲಬೇಡಿ, ಮುಂದಿನ ಸಲದ ಮೊದಲ ತೊಳೆತಕ್ಕೆ ಆಗುತ್ತದೆ. ಕಬ್ಬಿಣದ ಡಬ್ಬಿಯಲ್ಲಿ ಮಾತ್ರ ಇಡಬೇಡಿ. ಕಬ್ಬಿಣ ತಾಗಿದರೆ ಅರಗು ಕಪ್ಪಾಗುತ್ತದೆ.

ನಿಜ ಹೇಳಬೇಕೆಂದರೆ, ಅರಗಿಗೆ ಅಂತಲೇ ಒಂದು ಬ್ರಷ್ ಇಟ್ಟುಕೊಂಡರೆ ತೊಳೆಯುವ ಗೋಜೇ ಇಲ್ಲ. ಕೂದಲನ್ನು ನೇರ ಮಾಡಿ ಹಾಗೇ ಒಣಗಲು ಬಿಡಿ, ಮುಂದಿನ ಸಲ ಕೆಲಸಕ್ಕೆ ಮುಂಚೆ ಸ್ಪಿರಿಟ್‌ನಲ್ಲಿ ನೆನೆಹಾಕಿ. ಸುಮ್ನೆ ತೊಳೆದು ತೊಳೆದು ಕೂದಲು ಉದುರಿಸಿಕೊಳ್ಳೋದ್ಯಾಕೆ?

ಗನ್ ವಿಷಯ ಬೇರೆ, ಅದನ್ನು ಹಾಗೇ ಬಿಡುವಂತಿಲ್ಲ. ಮೊದಲು ಒಂದು ಪರೀಕ್ಷೆ ಮಾಡಿ. ಏರ್ ಕ್ಯಾಪನ್ನು, ಅಂದ್ರೆ ಗನ್ ಬಾಯಿಯಲ್ಲಿ ಗಾಳಿ ಬರುವ ತೂತುಗಳಿರುವ ಮುಚ್ಚಳವನ್ನು, ಅರ್ಧ ಸುತ್ತು ತಿರುಗಿಸಿ ರಟ್ಟಿನ ಮೇಲೆ ಹೊಡೆದು ನೋಡಿ. ಎಡಗಡೆ ವಾಲುತ್ತಿದ್ದದ್ದು ಬಲಗಡೆಗೆ ಹೋದರೆ ಕ್ಯಾಪಿನ ತೂತು ಕಟ್ಟಿದೆ ಅಂತ ಅರ್ಥ. ಎಡಗಡೆಗೇ ಉಳಿದರೆ ಪಾಲಿಶ್ ಹೊರಬರುವ ನಾಜಲ್‌ನಲ್ಲೋ ಅದರೊಳಗಿನ ಸೂಜಿಯಲ್ಲೋ ಗಂಟಿದೆ.

ಪ್ರಶ್ನೆ: ತಿರುಗಿಸಿ ನೋಡಿದೆ ಸರ್, ಬಲಗಡೆಗೆ ಹೋಯ್ತು. ಗುಂಡುಸೂಜಿ ಹಾಕಿ ಚುಚ್ಚಲಾ?

ಉತ್ತರ: ಅಯ್ಯೋ ಬೇಡ! ಆ ತೂತುಗಳು ಬಹಳ ನಾಜೂಕು, ಸ್ವಲ್ಪ ಗೀರಿದರೂ ಸ್ಪ್ರೇ ಮತ್ತೆ ಸರಿಹೋಗಲ್ಲ. ಕ್ಯಾಪ್ ಬಿಚ್ಚಿ ಸ್ಪಿರಿಟ್‌ನಲ್ಲಿ ನೆನೆಹಾಕಿ. ತೆಂಗಿನ ಪೊರಕೆ ಕಡ್ಡಿಯನ್ನು ಚೂಪಾಗಿ ಸವರಿ, ಕ್ಯಾಪ್ ನೆನೆದ ಮೇಲೆ ಮೆಲ್ಲಗೆ ತೂರಿಸಿ. ಇಡೀ ಗನ್ನನ್ನು ಮುಳುಗಿಸಬೇಡಿ, ಒಳಗಿನ ಪ್ಯಾಕಿಂಗ್, ವಾಷರ್ ಹಾಳಾಗುತ್ತವೆ. ಇನ್ನು ಮುಂದೆ ಕೆಲಸ ಮುಗಿದ ತಕ್ಷಣ ಉಳಿದ ಪಾಲಿಶ್ ಹೊರಗೆ ಸುರಿದು, ಕಪ್‌ಗೆ ಸ್ಪಿರಿಟ್ ಹಾಕಿ ಕುಲುಕಿ, ತಿಳಿಯಾಗಿ ಬರುವವರೆಗೆ ಹೊಡೆಯಿರಿ. ಆಮೇಲೆ ಸೂಜಿ ಹೊರಗೆಳೆದು ಒರೆಸಿ. ಸೂಜಿಯ ಪ್ಯಾಕಿಂಗ್‌ಗೆ ಎಣ್ಣೆ ಬಿಡುವುದಾದರೆ ಸಿಲಿಕೋನ್ ಇಲ್ಲದ್ದೇ ಬಿಡಿ. ಸಿಲಿಕೋನ್ ಒಂಚೂರು ಸೇರಿದರೂ ಪಾಲಿಶ್ ಮೇಲೆ ಕುಳಿ ಕುಳಿ ಬೀಳುತ್ತದೆ. ಇದಕ್ಕೆ ಮುಂಚೆ ಅದರಲ್ಲಿ ಎನ್‌ಸಿ ಲ್ಯಾಕರ್ ಹೊಡೆದಿದ್ದರೆ ಮೊದಲು ಥಿನ್ನರ್, ಕೊನೆಗೆ ಸ್ಪಿರಿಟ್. ಈ ಕ್ರಮ ತಪ್ಪಿಸಬೇಡಿ.

ಇನ್ನೊಬ್ಬರು: ಮಧ್ಯೆ ಬಾಯಿ ಹಾಕ್ತಿದ್ದೇನೆ, ಕ್ಷಮಿಸಿ. ಸ್ಪಿರಿಟ್ ಯಾಕೆ ದಂಡ, ವಾಷಿಂಗ್ ಸೋಡಾ ನೀರೇ ಸಾಕು ಅಂತ ನಮ್ಮ ಮೇಸ್ತ್ರಿ ಹೇಳ್ತಾರೆ. ಮನೆಯಲ್ಲಿ ಸ್ಯಾನಿಟೈಸರ್ ಬೇರೆ ಒಂದು ಕ್ಯಾನ್ ಉಳಿದಿದೆ.

ಉತ್ತರ: ಮೇಸ್ತ್ರಿ ಹೇಳಿದ್ದು ಬ್ರಷ್ ಮಟ್ಟಿಗೆ ಸರಿ. ಸೋಡಾ, ಬಿಳಿಗಾರ, ಅಮೋನಿಯಾ, ಮೂರೂ ಅರಗನ್ನು ಕರಗಿಸುತ್ತವೆ. ಬಿಸಿನೀರಿಗೆ ಸೋಡಾ ಹಾಕಿ ಅದ್ದಿ, ಆಮೇಲೆ ಚೆನ್ನಾಗಿ ತೊಳೆಯಿರಿ. ಜಾಸ್ತಿ ಹೊತ್ತು ಬಿಟ್ಟರೆ ಹಂದಿ ಕೂದಲು ಕೆಡುತ್ತದೆ. ಗನ್‌ಗೆ ಮಾತ್ರ ಖಂಡಿತ ಬೇಡ. ಸೋಡಾ ಗನ್ನಿನ ಅಲ್ಯೂಮಿನಿಯಂ ಕಪ್ ಅನ್ನು ತಿನ್ನುತ್ತದೆ, ಅಮೋನಿಯಾ ಹಿತ್ತಾಳೆಯನ್ನು ಕೆಡಿಸುತ್ತದೆ. ಸ್ಯಾನಿಟೈಸರ್ ಕೈಗೇ ಇರಲಿ. ಅದರಲ್ಲಿ ನೀರು, ಗ್ಲಿಸರಿನ್ ಇರುತ್ತವೆ. ಅವು ಗನ್‌ನಲ್ಲಿ ಉಳಿದರೆ ಮುಂದಿನ ಪಾಲಿಶ್ ಬೆಳ್ಳಗಾಗುತ್ತದೆ.

ಮತ್ತೊಬ್ಬರು: ನಮ್ಮ ಚನ್ನಪಟ್ಟಣದ ಕಡೆ ಗೊಂಬೆಗೂ ಅರಗೇ. ಬ್ರಷ್ ತೊಳೆಯೋ ತಲೆನೋವೇ ಇಲ್ಲ!

ಉತ್ತರ: ಅಲ್ವಾ! ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತುತ್ತಾರೆ, ಉಜ್ಜಿದ ಬಿಸಿಗೇ ಕರಗಿ ಹಿಡಿಯುತ್ತದೆ. ಕುರ್ಚಿಯನ್ನು ಹಾಗೆ ತಿರುಗಿಸೋಕೆ ಆಗಲ್ಲ ನೋಡಿ.

ಪ್ರಶ್ನೆ: ಬಳಸಿದ ಸ್ಪಿರಿಟ್, ಬಟ್ಟೆ ಎಲ್ಲ ಏನು ಮಾಡಲಿ ಸರ್? ಬಾಲ್ಕನಿಯಲ್ಲೇ ಕೆಲಸ, ಪಕ್ಕದಲ್ಲೇ ಅಡುಗೆಮನೆ.

ಉತ್ತರ: ಹಾಗಾದರೆ ಸ್ಪ್ರೇ ಮಾಡುವುದನ್ನು ಅಲ್ಲಿ ನಿಲ್ಲಿಸಿ. ಸ್ಪಿರಿಟ್ ಆವಿ ನಮ್ಮೂರ ಸೆಕೆಗೆ ಸಣ್ಣ ಕಿಡಿಗೂ ಹೊತ್ತಿಕೊಳ್ಳುತ್ತದೆ, ಹಗಲಲ್ಲಿ ಆ ಉರಿ ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ. ಬಯಲಲ್ಲೋ ತಾರಸಿಯಲ್ಲೋ ಮಾಡಿ, ಮಾಸ್ಕ್ ಹಾಕಿಕೊಳ್ಳಿ. ಪಾಲಿಶ್ ಸ್ಪಿರಿಟ್‌ನಲ್ಲಿ ಮೆಥನಾಲ್ ಇರಬಹುದು, ಆದ್ದರಿಂದ ಬರಿಗೈ ಬೇಡ, ಬಾಟಲಿ ಮಕ್ಕಳ ಕೈಗೆ ಸಿಗಬಾರದು. ಬಟ್ಟೆಯನ್ನು ಹೊರಗೆ ಹರಡಿ ಒಣಗಿಸಿ, ಆಮೇಲೆ ಎಸೆಯಿರಿ. ಪಾಲಿಶ್ ಉಜ್ಜುವಾಗ ಅಗಸೆ ಎಣ್ಣೆ ಹಚ್ಚಿಕೊಂಡಿದ್ದರೆ ಇನ್ನೂ ಹುಷಾರು. ಆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಬೆಂಕಿ ತಾಗದೆಯೇ ಹೊತ್ತಿಕೊಳ್ಳಬಹುದು, ನೀರಲ್ಲಿ ಅದ್ದಿ ಮುಚ್ಚಳ ಇರುವ ಡಬ್ಬಿಯಲ್ಲಿ ಹಾಕಿಡಿ.