ಎರಡು ವಾರ ಕಳೆದರೂ ಡ್ರಾಪ್ ಚೆಕರ್ ಹಸಿರಾಗುತ್ತಿಲ್ಲ, ಅನಿಲ ಎಲ್ಲಿಗೆ ಹೋಗುತ್ತಿದೆ?

ತಿಳಿನೀರು:
ಎಲ್ಲರಿಗೂ ನಮಸ್ಕಾರ. ಮೀನುಗಳೂ ಇರುವ ನನ್ನ 120 ಲೀಟರಿನ ಗಿಡದ ತೊಟ್ಟಿಗೆ (ಅಕ್ವೇರಿಯಂ) ಗಿಡಗಳ ಬೆಳವಣಿಗೆಗೆಂದು ಇಂಗಾಲದ ಡೈಆಕ್ಸೈಡ್ ಜೋಡಿಸಿ ಎರಡು ವಾರವಾಯಿತು. ಸಿಲಿಂಡರ್, ಒತ್ತಡ ಇಳಿಸುವ ಎರಡು ಮಾಪಕಗಳ ರೆಗ್ಯುಲೇಟರ್, ವಿದ್ಯುತ್ತಿನಿಂದ ತೆರೆದು ಮುಚ್ಚುವ ಸೊಲೆನಾಯ್ಡ್ ಕವಾಟ, ಹರಿವು ಹೊಂದಿಸುವ ನೀಡಲ್ ವಾಲ್ವ್, ಗುಳ್ಳೆ ಎಣಿಸಲು ಬಬಲ್ ಕೌಂಟರ್, ಅನಿಲವನ್ನು ಸಣ್ಣ ಗುಳ್ಳೆಗಳಾಗಿ ಒಡೆಯುವ ಸೆರಾಮಿಕ್ ಡಿಫ್ಯೂಸರ್ ಎಲ್ಲವೂ ಇವೆ. ದೀಪ ಹೊತ್ತುವುದಕ್ಕೆ ಎರಡು ಗಂಟೆ ಮೊದಲೇ ಟೈಮರ್ ಅನಿಲ ಬಿಡುತ್ತದೆ. ಆದರೂ ಡ್ರಾಪ್ ಚೆಕರ್‌ನ ದ್ರವ (ನೀರಿನಲ್ಲಿ ಅನಿಲ ಸಾಕಷ್ಟಾದರೆ ಇದು ಹಸಿರಾಗಬೇಕು) ನೀಲಿಯಲ್ಲೇ ನಿಂತಿದೆ, ಹೆಚ್ಚೆಂದರೆ ದೀಪ ಆರುವ ಹೊತ್ತಿಗೆ ನವಿಲುಗತ್ತಿನ ಬಣ್ಣಕ್ಕೆ ತಿರುಗುತ್ತದೆ. ಸೆಕೆಂಡಿಗೆ ಒಂದು ಗುಳ್ಳೆಯಿಂದ ಆರಂಭಿಸಿ ದಿನ ಬಿಟ್ಟು ದಿನ ಏರಿಸುತ್ತ ಈಗ ನಾಲ್ಕಕ್ಕೆ ತಂದಿದ್ದೇನೆ. ಓದಿದ್ದನ್ನೆಲ್ಲ ಪಾಲಿಸಿಯೂ ಫಲ ಕಾಣದೆ ನಿಜಕ್ಕೂ ಬೇಸತ್ತಿದ್ದೇನೆ. ದಯವಿಟ್ಟು ದಾರಿ ತೋರಿಸಿ.

ಕಲ್ಲುಹೂವು:
ನಾಲ್ಕು ಗುಳ್ಳೆಗೂ ಬಣ್ಣ ಬದಲಾಗಿಲ್ಲವೆಂದರೆ ಸೋರಿಕೆಯೇ ಕಾರಣ. ಸಿಲಿಂಡರಿಗೂ ರೆಗ್ಯುಲೇಟರಿಗೂ ನಡುವಿನ ವಾಷರ್ ಹಳೆಯದಾಗಿದ್ದರೆ ಅದನ್ನು ಬದಲಿಸಿ. ಆ ಜಾಗದಲ್ಲಿ ಅನಿಲವನ್ನು ತಡೆಯುವುದು ವಾಷರ್, ತಿರುಪಿನ ಎಳೆಗಳಿಗೆ ಟೇಪ್ ಸುತ್ತುವುದರಿಂದ ಪ್ರಯೋಜನವಿಲ್ಲ. ಆಮೇಲೆ ಪ್ರತಿಯೊಂದು ಜೋಡಣೆಗೂ ಸೋಪಿನ ನೀರು ಹಚ್ಚಿ ನೊರೆ ಉಬ್ಬುತ್ತದೆಯೇ ನೋಡಿ. ಸಿಲಿಂಡರಿನ ಮಾಪಕದ ಮುಳ್ಳು ಎರಡು ವಾರದಲ್ಲಿ ಎಷ್ಟು ಇಳಿದಿದೆ ಎಂಬುದನ್ನೂ ತಿಳಿಸಿ.

ಆಳದಬೇರು:
ಕೊನೆಯ ಮಾತನ್ನು ಒಪ್ಪಲಾರೆ. ಸಿಲಿಂಡರಿನೊಳಗೆ ದ್ರವರೂಪದ ಇಂಗಾಲದ ಡೈಆಕ್ಸೈಡ್ ಉಳಿದಿರುವವರೆಗೆ ಮುಳ್ಳು ತಾಪಮಾನವನ್ನಷ್ಟೇ ಅನುಸರಿಸುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಸುಮಾರು 57 ಬಾರ್ ತೋರಿಸುತ್ತ, ಅರ್ಧ ಸಿಲಿಂಡರ್ ಖಾಲಿಯಾದರೂ ಅಲ್ಲೇ ಇರುತ್ತದೆ. ದ್ರವ ಮುಗಿದ ಮೇಲಷ್ಟೇ ಮುಳ್ಳು ಕುಸಿಯುತ್ತದೆ. ಎಷ್ಟು ಖರ್ಚಾಗಿದೆಯೆಂದು ತಿಳಿಯಬೇಕಾದರೆ ಸಿಲಿಂಡರನ್ನು ತೂಗಬೇಕು.

ಕಲ್ಲುಹೂವು:
ಅದು ನನಗೆ ತಿಳಿಯದ ವಿಷಯವಲ್ಲ. ದೊಡ್ಡ ಸೋರಿಕೆಯಿದ್ದರೆ ಎರಡು ವಾರದಲ್ಲಿ ದ್ರವವೂ ಮುಗಿದು ಮುಳ್ಳು ಬಿದ್ದಿರುತ್ತದೆ ಎಂಬ ಅರ್ಥದಲ್ಲಿ ಕೇಳಿದೆ.

ತಿಳಿನೀರು:
ಸೋಪಿನ ನೀರು ಹಚ್ಚಿ ನೋಡಿದೆ, ಎಲ್ಲಿಯೂ ನೊರೆ ಏಳಲಿಲ್ಲ. ಸೊಲೆನಾಯ್ಡ್ ಮುಚ್ಚಿದ್ದಾಗ ಸಿಲಿಂಡರಿನ ಮುಖ್ಯ ಕವಾಟವನ್ನೂ ಮುಚ್ಚಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಎರಡೂ ಮುಳ್ಳುಗಳು ಇದ್ದಲ್ಲೇ ಇದ್ದವು.

ಕಲ್ಲುಹೂವು:
ಆ ಪರೀಕ್ಷೆ ಸೊಲೆನಾಯ್ಡ್‌ವರೆಗಿನ ಭಾಗಕ್ಕಷ್ಟೇ ಸಾಕ್ಷಿ. ಅಲ್ಲಿಂದ ಮುಂದೆ ಸಿಲಿಕೋನ್ ಕೊಳವೆ ಬಳಸಿದ್ದರೆ ಅನಿಲ ಅದರ ಗೋಡೆಯ ಮೂಲಕವೇ ಹೊರಬೀಳುತ್ತದೆ, ಸೋಪಿನ ನೀರಿಗೆ ಅದು ಸಿಕ್ಕುವುದಿಲ್ಲ. ಪಾಲಿಯುರೆಥೇನ್ ಕೊಳವೆ ಹಾಕಿ. ನೀರು ಹಿಂದಕ್ಕೆ ಹರಿಯದಂತೆ ತಡೆಯುವ ಚೆಕ್ ವಾಲ್ವ್‌ನ ಎರಡು ತುದಿಗಳನ್ನೂ ನೀರಿನಲ್ಲಿ ಮುಳುಗಿಸಿ ಪರೀಕ್ಷಿಸಿ.

ತಿಳಿನೀರು:
ಕೊಳವೆ ಮೊದಲಿನಿಂದಲೂ ಪಾಲಿಯುರೆಥೇನಿನದೇ. ಚೆಕ್ ವಾಲ್ವ್ ಮುಳುಗಿಸಿಯೂ ನೋಡಿದೆ, ಏನೂ ಕಾಣಲಿಲ್ಲ. ಡಿಫ್ಯೂಸರ್ ತುಂಬ ಮಂಜಿನಂತೆ ಗುಳ್ಳೆಗಳು ಏಳುತ್ತಿವೆ.

ತೊಟ್ಟಿಮನೆ:
ಮಂಜಿನಂತೆ ಏಳುವ ಗುಳ್ಳೆಗಳಲ್ಲಿ ಬಹುಪಾಲು ಮೇಲ್ಮೈಗೆ ಬಂದು ಒಡೆದುಹೋಗುತ್ತವೆ. ನಾನು ಡಿಫ್ಯೂಸರ್ ಬಿಟ್ಟು ಬಹಳ ಕಾಲವಾಯಿತು. 400 ಲೀಟರಿನ ತೊಟ್ಟಿಗೆ ಕ್ಯಾನಿಸ್ಟರ್ ಫಿಲ್ಟರಿನ ಹೊರಹರಿವಿನಲ್ಲಿ ರಿಯಾಕ್ಟರ್ ಕೂರಿಸಿದ್ದೇನೆ. ಅನಿಲವೆಲ್ಲ ಅದರೊಳಗೇ ಕರಗುವುದರಿಂದ ತೊಟ್ಟಿಯಲ್ಲಿ ಒಂದು ಗುಳ್ಳೆಯೂ ಕಾಣುವುದಿಲ್ಲ, ಮುಂಭಾಗದ ಹುಲ್ಲುಹಾಸನ್ನು ವಾರಕ್ಕೊಮ್ಮೆ ಕತ್ತರಿಸದಿದ್ದರೆ ಬುಡಕ್ಕೆ ಬೆಳಕೇ ತಲುಪುವುದಿಲ್ಲ. ನೀವೂ ಅದನ್ನೇ ಮಾಡಿ. ಅಲ್ಲಿಯವರೆಗೆ ಆರು ಗುಳ್ಳೆಗೆ ಏರಿಸಿ, ಫಿಲ್ಟರಿನ ನೀರು ಮೇಲ್ಮೈಯನ್ನು ಕಲಕದಂತೆ ಬಾಯಿ ಕೆಳಗಿಳಿಸಿ.

ಆಳದಬೇರು:
ಗುಳ್ಳೆಗಳ ಸಂಖ್ಯೆಯನ್ನು ಒಂದು ತೊಟ್ಟಿಯಿಂದ ಇನ್ನೊಂದಕ್ಕೆ ಒಯ್ಯಲು ಬರುವುದಿಲ್ಲ. ಬಬಲ್ ಕೌಂಟರಿನ ತುದಿ ಅಗಲವಾಗಿದ್ದರೆ ಗುಳ್ಳೆಯೂ ದೊಡ್ಡದು. ಮೇಲ್ಮೈಯನ್ನು ಪೂರ್ತಿ ನಿಶ್ಚಲಗೊಳಿಸಿದರೆ ರಾತ್ರಿ ಗಿಡ, ಮೀನು, ಬ್ಯಾಕ್ಟೀರಿಯಾ ಎಲ್ಲವೂ ಉಸಿರಾಡುವಾಗ ಆಮ್ಲಜನಕ ಸಾಲದೆ ಹೋಗುತ್ತದೆ.

ಕಲ್ಲುಹೂವು:
ನೀಡಲ್ ವಾಲ್ವ್‌ನ ಬುಡದ ಒ-ರಿಂಗ್ (ರಬ್ಬರ್ ಬಳೆ) ನೋಡಿದಿರಾ? ಅಲ್ಲಿ ಸೋರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಮರಳದಂಡೆ:
ಈ ಚರ್ಚೆಯಲ್ಲಿ ಇದುವರೆಗೆ ಯಾರೂ ಕೇಳದ ಮೂರು ವಿಷಯಗಳನ್ನು ಮೊದಲು ತಿಳಿಸಿ. ಡ್ರಾಪ್ ಚೆಕರ್‌ನೊಳಗೆ ಏನು ತುಂಬಿದ್ದೀರಿ? ನಿಮ್ಮ ನೀರಿನ ಕೆಎಚ್, ಅಂದರೆ ಕಾರ್ಬೊನೇಟ್ ಗಡಸುತನ, ಎಷ್ಟಿದೆ? ಸಂಜೆಯ ಹೊತ್ತು ಮೀನುಗಳು ಹೇಗಿರುತ್ತವೆ?

ತಿಳಿನೀರು:
ಚೆಕರ್‌ನೊಳಗೆ ತೊಟ್ಟಿಯ ನೀರನ್ನೇ ತುಂಬಿ ಬಣ್ಣ ಬದಲಿಸುವ ಸೂಚಕವನ್ನು ಮೂರು ಹನಿ ಹಾಕಿದ್ದೇನೆ, ಅದರ ಜೊತೆ ಬಂದ ಚೀಟಿಯಲ್ಲಿ ಹಾಗೆಯೇ ಬರೆದಿತ್ತು. ಕೆಎಚ್ 14. ಮೀನುಗಳು ಈ ನಾಲ್ಕೈದು ದಿನ ಸಂಜೆಯಾದರೆ ಮೇಲೆ ಬಂದು ಬಾಯಿ ಆಡಿಸುತ್ತವೆ. ಬಿಸಿಲಿನ ಕಾವಿಗೆ ಹೀಗಾಗುತ್ತಿದೆ ಎಂದುಕೊಂಡು ಇಲ್ಲಿ ಬರೆಯಲಿಲ್ಲ.

ಮರಳದಂಡೆ:
ಇದನ್ನು ಓದಿದ ತಕ್ಷಣ ಅನಿಲ ನಿಲ್ಲಿಸಿ, ಫಿಲ್ಟರಿನ ಬಾಯಿಯನ್ನು ಮೇಲೆತ್ತಿ ನೀರು ಕಲಕುವಂತೆ ಮಾಡಿ. ಏರ್ ಪಂಪ್ ಇದ್ದರೆ ಅದನ್ನೂ ಹಾಕಿ. ವಿವರಣೆಯನ್ನು ಆಮೇಲೆ ಓದಿದರೆ ಸಾಕು.

ನಿಮ್ಮ ತೊಟ್ಟಿಗೆ ಅನಿಲ ಕಡಿಮೆಯಾಗಿಲ್ಲ, ಹೆಚ್ಚಾಗಿದೆ. ಡ್ರಾಪ್ ಚೆಕರ್ ಅನಿಲವನ್ನು ನೇರವಾಗಿ ಅಳೆಯುವುದಿಲ್ಲ, ತನ್ನೊಳಗಿನ ದ್ರವದ ಪಿಎಚ್, ಅಂದರೆ ಆಮ್ಲೀಯತೆಯ ಅಳತೆಯನ್ನು, ಬಣ್ಣದಲ್ಲಿ ತೋರಿಸುತ್ತದೆ. ಅನಿಲ ಕರಗಿದಷ್ಟೂ ಪಿಎಚ್ ಇಳಿಯುತ್ತದೆ, ಕೆಎಚ್ ಹೆಚ್ಚಿದ್ದಷ್ಟೂ ಅದನ್ನು ಇಳಿಸಲು ಹೆಚ್ಚು ಅನಿಲ ಬೇಕು. ಆ ದ್ರವದ ಕೆಎಚ್ 4 ಇದ್ದಾಗ ಮಾತ್ರ ಹಸಿರು ಬಣ್ಣಕ್ಕೆ ಲೀಟರಿಗೆ ಸುಮಾರು 30 ಮಿಲಿಗ್ರಾಂ ಎಂಬ ಅರ್ಥ ಬರುತ್ತದೆ, ಏಕೆಂದರೆ ಆಗ ಪಿಎಚ್ 6.6ರ ಆಸುಪಾಸಿಗೆ ಇಳಿದಿರುತ್ತದೆ. ನಿಮ್ಮ ಚೆಕರ್‌ನಲ್ಲಿರುವುದು ಕೆಎಚ್ 14ರ ನೀರು. ಅದು 6.6ಕ್ಕೆ ಇಳಿದು ಹಸಿರಾಗಬೇಕಾದರೆ ಲೀಟರಿಗೆ 100 ಮಿಲಿಗ್ರಾಂ ದಾಟಬೇಕು, ಅಷ್ಟರಲ್ಲಿ ಮೀನುಗಳು ಉಳಿಯುವುದಿಲ್ಲ. ನೀಲಿ ಕಂಡಾಗಲೆಲ್ಲ ನೀವು ಗುಳ್ಳೆ ಏರಿಸಿದ್ದೀರಿ, ನಾವೂ ಇಲ್ಲಿ ಕುಳಿತು ಏರಿಸಿ ಎಂದಿದ್ದೇವೆ. ನನಗೆ ಭಯ ಹುಟ್ಟಿಸಿದ್ದು ಅದೇ.

ಖಚಿತಪಡಿಸಿಕೊಳ್ಳಲು ಒಂದು ಲೋಟ ತೊಟ್ಟಿಯ ನೀರನ್ನು ಒಂದು ದಿನ ತೆರೆದಿಟ್ಟು ಪಿಎಚ್ ನೋಡಿ. ಈಚಿನ ಯಾವುದಾದರೂ ಸಂಜೆ ತೊಟ್ಟಿಯ ಪಿಎಚ್ ಅಳೆದಿದ್ದರೆ ಅದನ್ನೂ ಹೇಳಿ. ಎರಡರ ನಡುವಿನ ವ್ಯತ್ಯಾಸ 1 ಇದ್ದರೆ ಅನಿಲ ಹತ್ತು ಪಟ್ಟಾಗಿದೆ ಎಂದರ್ಥ. ತೆರೆದಿಟ್ಟ ನೀರಿನಲ್ಲಿ ಸುಮಾರು 3 ಮಿಲಿಗ್ರಾಂ ಇರುತ್ತದೆಂದು ಹಿಡಿದರೆ ಅದು 30.

ತಿಳಿನೀರು:
ಆಗಲೇ ನಿಲ್ಲಿಸಿದೆ. ಒಂದು ಗಂಟೆಯೊಳಗೆ ಟೆಟ್ರಾ ಮೀನುಗಳು ಗಿಡಗಳ ನಡುವೆ ಇಳಿದವು. ತೆರೆದಿಟ್ಟ ನೀರಿನ ಪಿಎಚ್ 8.1 ಬಂತು, ನಾಲ್ಕು ಗುಳ್ಳೆಯ ಮೂರನೆಯ ಸಂಜೆ ಬರೆದಿಟ್ಟುಕೊಂಡ ತೊಟ್ಟಿಯ ಪಿಎಚ್ 6.9.

ಮರಳದಂಡೆ:
ಕೆಎಚ್ 14, ಪಿಎಚ್ 6.9 ಎಂದರೆ ಲೆಕ್ಕಕ್ಕೆ ಲೀಟರಿಗೆ 53 ಮಿಲಿಗ್ರಾಂ ಸಿಗುತ್ತದೆ. ನಿಮ್ಮ ರೆಗ್ಯುಲೇಟರ್, ಕೊಳವೆ, ಡಿಫ್ಯೂಸರ್ ಎಲ್ಲವೂ ಚೆನ್ನಾಗಿಯೇ ಕೆಲಸ ಮಾಡಿವೆ.

ಆಳದಬೇರು:
ಕೆಎಚ್ 4ರ ದ್ರವವನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಒಂದು ಲೀಟರ್ ಭಟ್ಟಿ ಇಳಿಸಿದ ನೀರಿಗೆ 1.2 ಗ್ರಾಂ ಅಡಿಗೆ ಸೋಡಾ ಕರಗಿಸಿದರೆ ಸುಮಾರು ಕೆಎಚ್ 40 ಆಗುತ್ತದೆ. ಅದರ ಒಂದು ಭಾಗಕ್ಕೆ ಒಂಬತ್ತು ಭಾಗ ಭಟ್ಟಿ ಇಳಿಸಿದ ನೀರು ಬೆರೆಸಿ. ನೇರವಾಗಿ 0.12 ಗ್ರಾಂ ತೂಗಲು ಹೋದರೆ ಮನೆಯ ತಕ್ಕಡಿಯಲ್ಲಿ ತಪ್ಪುತ್ತದೆ.

ಕಲ್ಲುಹೂವು:
ಸೋರಿಕೆಯ ಹಿಂದೆಯೇ ಬಿದ್ದು ಮೀನುಗಳ ವಿಷಯ ಕೇಳದೆ ಹೋದೆ, ಕ್ಷಮಿಸಿ. ಆದರೂ ಡ್ರಾಪ್ ಚೆಕರನ್ನು ನಂಬುವುದಕ್ಕಿಂತ ಪಿಎಚ್ ಮಾಪಕ ಇಟ್ಟುಕೊಳ್ಳುವುದು ಮೇಲು ಎಂಬುದು ನನ್ನ ಅಭಿಪ್ರಾಯ.

ಮರಳದಂಡೆ:
ಮಾಪಕವನ್ನೂ ಆಗಾಗ ಕ್ಯಾಲಿಬ್ರೇಟ್ ಮಾಡದಿದ್ದರೆ ಅದೂ ದಾರಿ ತಪ್ಪಿಸುತ್ತದೆ. ಚೆಕರ್ ಒಂದೆರಡು ಗಂಟೆ ತಡವಾಗಿ ಬಣ್ಣ ಬದಲಿಸುತ್ತದೆ ಎಂಬುದನ್ನು ನೆನಪಿಟ್ಟುಕೊಂಡರೆ ಸರಿಯಾದ ದ್ರವದೊಡನೆ ಅದು ಸಾಕು. ಎರಡಕ್ಕೂ ಮೊದಲು ನೋಡಬೇಕಾದದ್ದು ಮೀನುಗಳನ್ನು.

ತೊಟ್ಟಿಮನೆ:
ಆರು ಗುಳ್ಳೆಗೆ ಏರಿಸಿ ಎಂದು ಬರೆದವನು ನಾನು. ಮುಂದೆ ಯಾರಾದರೂ ಆ ಸಾಲನ್ನಷ್ಟೇ ಓದಿ ಪಾಲಿಸಬಾರದೆಂದು ಹೇಳುತ್ತಿದ್ದೇನೆ: ಅದು ತಪ್ಪು ಸಲಹೆ. ಕೆಎಚ್ ಎಷ್ಟೆಂದು ಕೇಳದೆ ನಾನು ಬಾಯಿ ತೆರೆಯಬಾರದಿತ್ತು.

ತಿಳಿನೀರು:
ಐದು ದಿನಗಳ ನಂತರದ ಸ್ಥಿತಿ ಹೀಗಿದೆ. ಹೊಸ ದ್ರವ ತುಂಬಿ, ಸೆಕೆಂಡಿಗೆ ಒಂದು ಗುಳ್ಳೆಯಿಂದ ಮತ್ತೆ ಆರಂಭಿಸಿ, ಎರಡಕ್ಕೆ ಬಂದು ನಿಲ್ಲಿಸಿದ್ದೇನೆ. ದೀಪ ಹೊತ್ತಿದ ಒಂದು ಗಂಟೆಗೆ ಚೆಕರ್ ಎಳೆಗರಿಕೆಯ ಹಸಿರಿಗೆ ತಿರುಗುತ್ತದೆ, ಸಂಜೆಯವರೆಗೂ ಹಾಗೆಯೇ ಇರುತ್ತದೆ. ಸಂಜೆಯ ಪಿಎಚ್ 7.1. ಮೀನುಗಳು ಮೇಲೆ ಬರುತ್ತಿಲ್ಲ. ನಿನ್ನೆ ಮಧ್ಯಾಹ್ನ ರೊಟಾಲಾ ಗಿಡದ ಎಲೆಗಳ ಅಂಚಿನಲ್ಲಿ ಆಮ್ಲಜನಕದ ಸಣ್ಣ ಮಣಿಗಳು ಕಾಣಿಸಿಕೊಂಡವು. ಚೆಕರ್ ಜೊತೆ ಬಂದಿದ್ದ ಚೀಟಿಯನ್ನು ಎಸೆದಿಲ್ಲ. "ತೊಟ್ಟಿಯ ನೀರು" ಎಂಬಲ್ಲಿ ಗೀಟೆಳೆದು "ಕೆಎಚ್ 4ರ ದ್ರವ" ಎಂದು ಬರೆದು, ಸಿಲಿಂಡರಿನ ಪಕ್ಕದ ಹಲಗೆಗೆ ಅಂಟಿಸಿದ್ದೇನೆ.