ಒಂದೇ ಗುಂಡಿಗೆ ಮಹಾಯುದ್ಧವಾ?

ರಮೇಶ: (ಫಾರ್ವರ್ಡ್) 19 ವರ್ಷದ ಹುಡುಗ ಸರಯೇವೊದಲ್ಲಿ ಹಾರಿಸಿದ ಒಂದೇ ಗುಂಡು ಇಡೀ ಜಗತ್ತನ್ನು ಯುದ್ಧಕ್ಕೆ ತಳ್ಳಿತು! ಇವತ್ತಿನ ದೊಡ್ಡ ದೇಶಗಳ ಪೈಪೋಟಿಗೂ ಒಂದು ಕಿಡಿ ಸಾಕು. ಎಲ್ಲರಿಗೂ ಕಳಿಸಿ 🙏

ವೀಣಾ: ಎರಡು ಗುಂಡು. ಒಂದು ಆಸ್ಟ್ರಿಯಾ ಯುವರಾಜ ಫ್ರಾಂಜ್ ಫರ್ಡಿನಾಂಡ್‌ಗೆ, ಇನ್ನೊಂದು ಅವನ ಹೆಂಡತಿ ಸೋಫಿಗೆ. ಅದಿರಲಿ. ಕೊಲೆ ಆಗಿದ್ದು 1914ರ ಜೂನ್ 28ಕ್ಕೆ, ಸರ್ಬಿಯಾನೇ ಹೊಣೆ ಅಂತ ಆಸ್ಟ್ರಿಯಾ ಅದರ ಮೇಲೆ ಯುದ್ಧ ಸಾರಿದ್ದು ಜುಲೈ 28ಕ್ಕೆ. ಕಿಡಿ ಬಿದ್ದು ತಿಂಗಳಾದರೂ ಹೊತ್ತಿಕೊಳ್ಳಲಿಲ್ಲ ಯಾಕೆ?

ರಮೇಶ: ದ್ವೇಷ ಮೊದಲೇ ಇತ್ತಲ್ಲ! ಬ್ರಿಟನ್, ಜರ್ಮನಿ ಜಿದ್ದಿಗೆ ಬಿದ್ದು ಹಡಗು ಕಟ್ಟಿದ್ದು ಮರೆತ್ಯಾ?

ಪ್ರಕಾಶ: ಹಡಗೇ ಕಾರಣ ಆಗಿದ್ರೆ 1909ರಲ್ಲೇ ಯುದ್ಧ ಆಗ್ಬೇಕಿತ್ತು. ಬ್ರಿಟನ್ನಿನ 1906ರ ಯುದ್ಧನೌಕೆ ಡ್ರೆಡ್‌ನಾಟ್‌ನಲ್ಲಿ 12 ಇಂಚಿನ 10 ಫಿರಂಗಿ, 21 ನಾಟ್ ವೇಗ. ಅದು ಬಂದಿದ್ದೇ ತಡ, ಬ್ರಿಟನ್ನಿನ ಹಳೇ ಯುದ್ಧನೌಕೆಗಳೂ ಹಿಂದೆ ಬಿದ್ವು. ಸರಿಗಟ್ಟಬಹುದು ಅಂತ ಜರ್ಮನಿಗೆ ಆಸೆ ಹೆಚ್ಚಿದ್ದು ಆಗ. ಆದ್ರೆ 1909ರಲ್ಲಿ ಬ್ರಿಟನ್ ಒಂದೇ ಕಂತಿಗೆ 8 ಹಡಗು ಮಂಜೂರು ಮಾಡ್ತು. ಜರ್ಮನಿಗೆ ಭೂಸೇನೆಗೂ ದುಡ್ಡು ಬೇಕಿತ್ತು, 1912-13ಕ್ಕೆ ಖಜಾನೆ ಆ ಕಡೆ ತಿರುಗ್ತು. ಸಮುದ್ರದ ಪೈಪೋಟಿ ಯುದ್ಧಕ್ಕೆ ಮುಂಚೆನೇ ಮುಗಿದಂಗಾಗಿತ್ತು.

ವೀಣಾ: ಕಂಟಕ ಇದ್ದಿದ್ದು ನೆಲದ ಮೇಲೆ. 1894ರಿಂದ ಫ್ರಾನ್ಸ್, ರಷ್ಯಾ ಮಿತ್ರರು. ಹಾಗಾಗಿ ಜರ್ಮನಿ ಲೆಕ್ಕ ಏನಪ್ಪಾ ಅಂದ್ರೆ, ಸುಮಾರು 6 ವಾರದಲ್ಲಿ ಫ್ರಾನ್ಸನ್ನು ಮುಗಿಸಿ ಆಮೇಲೆ ರಷ್ಯಾ ಕಡೆ ತಿರುಗೋದು. ರಷ್ಯಾ ನಿಧಾನವಾಗಿ ಏಳುತ್ತೆ ಅನ್ನೋ ನಂಬಿಕೆ ಮೇಲೆ ನಿಂತ ಲೆಕ್ಕ ಅದು. ಅಷ್ಟರಲ್ಲಿ ಫ್ರಾನ್ಸ್ ಸಾಲ ಕೊಟ್ಟು ರಷ್ಯಾದಲ್ಲಿ ರೈಲು ಹಳಿ ಹಾಕಿಸ್ತಿತ್ತು. ರಷ್ಯಾದ ಸೇನಾ ವಿಸ್ತರಣೆ 1917ಕ್ಕೆ ಮುಗೀಬೇಕಿತ್ತು. ‘ಕಾದಷ್ಟೂ ನಮಗೇ ನಷ್ಟ’ ಅಂತ ಬರ್ಲಿನ್ ಸೇನಾಧಿಕಾರಿಗಳ ತಲೇಲಿ ಕೂತುಬಿಟ್ಟಿತ್ತು.

ಮೇಷ್ಟ್ರು: ಇನ್ನೊಂದು ಕೊಂಡಿ ಬಿಟ್ಟಿದ್ದೀರಿ. ಉಳಿದ ದೇಶಗಳು ಸೇನೆ ಜಮಾಯಿಸಿ ಗಡಿಯಲ್ಲಿ ನಿಂತು ಮಾತಾಡಬಹುದಿತ್ತು, ಜರ್ಮನಿಗೆ ಅದು ಸಾಧ್ಯವಿರಲಿಲ್ಲ. ಹಾಲೆಂಡನ್ನು ಮುಟ್ಟಬಾರದು ಅಂತ ತೀರ್ಮಾನಿಸಿದ್ದರಿಂದ ಫ್ರಾನ್ಸಿಗೆ ಹೋಗಲು ಬೆಲ್ಜಿಯಂನ ಲಿಯೇಜ್ ಹತ್ತಿರದ ಇಕ್ಕಟ್ಟಿನಲ್ಲೇ ಸೈನ್ಯ ತೂರಬೇಕು. ಅಲ್ಲಿನ ಕೋಟೆಗಳು ಮೊದಲ ದಿನಗಳಲ್ಲೇ ಕೈಗೆ ಬರದಿದ್ದರೆ ಹಿಂದಿನ ಪಡೆಗಳಿಗೆ ರೈಲುದಾರಿ ಇಲ್ಲ. ಹೀಗಾಗಿ ಸರ್ಬಿಯಾ ಪರ ನಿಂತ ರಷ್ಯಾ ಜುಲೈ 30ಕ್ಕೆ ಸೇನೆಯ ಪೂರ್ಣ ಜಮಾವಣೆಗೆ ಆಜ್ಞೆ ಕೊಟ್ಟ ಮೇಲೆ ಮಾತುಕತೆಗೆ ಗಂಟೆಗಳಷ್ಟೇ ಉಳಿದವು. ಹಿಂದಿನ ದಿನ ಝಾರ್ ಅದೇ ಆಜ್ಞೆ ಹಿಂತೆಗೆದು, ಆಸ್ಟ್ರಿಯಾ ಕಡೆಗಷ್ಟೇ ಸಾಕು ಅಂದಿದ್ದ. ಅರ್ಧ ಮಾಡಿದರೆ ಪೂರ್ತಿ ಮಾಡುವಾಗ ಎಲ್ಲ ಕಲಸುಮೇಲೋಗರ ಅಂತ ಅವನ ಸೇನಾನಿಗಳು ಪಟ್ಟು ಹಿಡಿದರು. ಆಗಸ್ಟ್ 1ಕ್ಕೆ ಜರ್ಮನ್ ಚಕ್ರವರ್ತಿ ಕೈಸರ್ ಪೂರ್ವಕ್ಕೆ, ಅಂದರೆ ರಷ್ಯಾ ಕಡೆಗೆ ಮಾತ್ರ ಹೋಗೋಣ ಅಂದಾಗ ಸೇನಾ ಮುಖ್ಯಸ್ಥ ಮೋಲ್ಟ್‌ಕೆ ಕೂಡ ಹೀಗೇ ಕೈಚೆಲ್ಲಿದ. ತಮಾಷೆ ಅಂದರೆ, ಜರ್ಮನ್ ಸೇನೆಯ ರೈಲ್ವೆ ವಿಭಾಗದ ಸ್ಟಾಬ್ ಯುದ್ಧದ ನಂತರ, ಅದು ಆಗುತ್ತಿತ್ತು ಅಂತ ಪುಸ್ತಕವನ್ನೇ ಬರೆದ.

ರಮೇಶ: ಗುಂಡಿನ ಬದಲು ರೈಲ್ವೆ ಟೈಂಟೇಬಲ್ಲು. ಇದೂ ಫಾರ್ವರ್ಡೇ ಆಯ್ತಲ್ಲ ಸರ್ 😄

ಮೇಷ್ಟ್ರು: ಜುಲೈ 5ಕ್ಕೆ ಏನೇ ಆದರೂ ಬೆನ್ನಿಗಿದ್ದೇವೆ ಅಂತ ಕೈಸರ್ ಆಸ್ಟ್ರಿಯಾಕ್ಕೆ ಮಾತು ಕೊಟ್ಟಾಗ ಯಾವ ರೈಲೂ ಹೊರಟಿರಲಿಲ್ಲವಪ್ಪ.

ಪ್ರಕಾಶ: ಆ ಧೈರ್ಯದಿಂದಲೇ ಆಸ್ಟ್ರಿಯಾದಿಂದ ಸರ್ಬಿಯಾಕ್ಕೆ 48 ಗಂಟೆ ಗಡುವಿನ 10 ಬೇಡಿಕೆ ಬಂದಿದ್ದು. ಆಸ್ಟ್ರಿಯಾದವರು ಸರ್ಬಿಯಾದೊಳಗೇ ತನಿಖೆಗೆ ಕೂರ್ತಾರೆ ಅನ್ನೋ 6ನೆಯದಕ್ಕೆ ಸರ್ಬಿಯಾ ಆಗಲ್ಲ ಅಂತು. ಉಳಿದವಕ್ಕೆ ಹೆಚ್ಚುಕಡಿಮೆ ತಲೆಯಾಡಿಸ್ತು. ಉತ್ತರ ಓದಿದ ಕೈಸರ್ರೇ ಯುದ್ಧಕ್ಕೆ ಕಾರಣ ಉಳಿದಿಲ್ಲ ಅಂತ ಬರೆದ. ಅದೇ ದಿನ ಆಸ್ಟ್ರಿಯಾ ಯುದ್ಧ ಸಾರ್ತು!

ವೀಣಾ: 1962ರಲ್ಲಿ ಸೋವಿಯತ್ ಕ್ಷಿಪಣಿಗಳು ಕ್ಯೂಬಾಕ್ಕೆ ಬಂದ ಬಿಕ್ಕಟ್ಟಲ್ಲಿ ಅಮೆರಿಕ ಅಧ್ಯಕ್ಷ ಕೆನಡಿ ಬಾಂಬ್ ಹಾಕೋ ಬದಲು ಹಡಗುಗಳಿಂದ ದಿಗ್ಬಂಧನ ಹಾಕಿದ್ದು ಇದಕ್ಕೇ, ಎದುರಿನವನಿಗೆ ಯೋಚಿಸೋಕೆ ಟೈಮ್ ಕೊಡೋಕೆ. ಟರ್ಕಿಯಲ್ಲಿರೋ ನಮ್ಮ ಕ್ಷಿಪಣಿ ತೆಗೀತೀವಿ ಅನ್ನೋದನ್ನ ಗುಟ್ಟಾಗಿ ಒಪ್ಪಿದ್ರು. ಮಾರನೇ ವರ್ಷ ಅಮೆರಿಕ, ಸೋವಿಯತ್ ಮಧ್ಯೆ ನೇರ ಸಂಪರ್ಕದ ಹಾಟ್‌ಲೈನ್ ಬಂತು. ಫೋನ್ ಅಲ್ಲ, ಟೆಲಿಪ್ರಿಂಟರ್.

ರಮೇಶ: ಅಣುಬಾಂಬಿನ ಭಯ ಇತ್ತು, ನಿಂತ್ರು. 1914ರಲ್ಲಿ ಅದೆಲ್ಲಿತ್ತು?

ಪ್ರಕಾಶ: 1898ರಲ್ಲೂ ಇರ್ಲಿಲ್ಲ. ನೈಲ್ ದಂಡೆಯ ಫಶೋಡಾದಲ್ಲಿ ಬ್ರಿಟನ್, ಫ್ರಾನ್ಸ್ ಸೈನ್ಯ ಎದುರುಬದುರು ನಿಂತಿದ್ವು. ಫ್ರಾನ್ಸ್ ಜಾಗ ಖಾಲಿ ಮಾಡ್ತು. 1904ಕ್ಕೆ ಅವರಿಬ್ಬರದ್ದೂ ಒಪ್ಪಂದ ಆಯ್ತು.